ಏಳನೇ ಬೆಡ್ಡಿನ ಬೆಲ್ಲು

ಜಯನಗರದ ಒಂದು ನರ್ಸಿಂಗ್ ಹೋಮಿನಲ್ಲಿ, ಮಧ್ಯಾಹ್ನದ ಊಟ ಮುಗಿದ ಹೊತ್ತಿನಲ್ಲಿ, ಒಬ್ಬ ಹೆಂಗಸು ಬೆಲ್ ಒತ್ತಿ ಒತ್ತಿ, ಯಾರೂ ಬಾರದೆ ತೀರಿಕೊಂಡರು. ಬೆಲ್ ಯಾಕೆ ಹೊಡೆಯಲಿಲ್ಲ ಎಂಬುದು ನನಗೆ ಗೊತ್ತಿತ್ತು. ಆಕೆಯ ಗಂಡನಿಗೆ ಆಕೆ ಒತ್ತಿದ್ದೇ ಗೊತ್ತಿರಲಿಲ್ಲ. ಹೆಂಡತಿ ತನ್ನ ಮೇಲಿನ ಸಿಟ್ಟಿಗೆ, ಹಠಕ್ಕೆ ಬಿದ್ದು, ಬೇಕೆಂದೇ ಕರೆಯಲಿಲ್ಲ ಎಂದು ಆ ಮನುಷ್ಯ ನಂಬಿದ್ದರು. ಅವರಿಗೆ ನಿಜ ಹೇಳುವುದೋ ಬೇಡವೋ ಎಂದು ನಾನು ಎರಡು ತಿಂಗಳು ಒದ್ದಾಡಿದೆ. ಆ ಎರಡು ತಿಂಗಳಲ್ಲಿ ನನ್ನ ಬಗ್ಗೆ ನನಗೆ ತಿಳಿದದ್ದು ಹಿತವಾದ ಸಂಗತಿಯೇನಲ್ಲ.

ನಾನು ವೈರ್‌ಲೆಸ್ ಎಂಜಿನಿಯರ್. ಹಾಗೆಂದರೆ ಮೊಬೈಲ್ ರಿಪೇರಿಯೇ ಎಂದು ಕೇಳುವ ನೆಂಟರು ನನಗೂ ಇದ್ದಾರೆ. ಮದುವೆ ಮನೆಯಲ್ಲಿ ಕೈಗೆ ಫೋನು ತುರುಕಿ, ಇದಕ್ಕೆ ಟವರ್ ಸಿಗುತ್ತಿಲ್ಲ, ಸ್ವಲ್ಪ ನೋಡು ಎನ್ನುತ್ತಾರೆ. ನಾನು ನೋಡುವುದು ಬೇರೆ. ಗಾಳಿಯಲ್ಲಿ ಹೊರಟ ಅಲೆ ಗೋಡೆಗೆ, ಕಿಟಕಿಯ ಸರಳಿಗೆ, ಕಬ್ಬಿಣದ ಬೀರುವಿಗೆ ಬಡಿದು ಚದುರಿ, ಹತ್ತಾರು ದಾರಿಗಳಲ್ಲಿ ಸುತ್ತಿ ಒಂದೇ ಜಾಗಕ್ಕೆ ಬಂದು ಸೇರುತ್ತದೆ. ಕೆಲವು ಕಡೆ ಆ ತುಂಡುಗಳೆಲ್ಲ ಕೂಡಿ ಸಿಗ್ನಲ್ ಬಲವಾಗುತ್ತದೆ. ಕೆಲವು ಕಡೆ ಒಂದನ್ನೊಂದು ಹೊಡೆದುಹಾಕಿ ಏನೂ ಉಳಿಯುವುದಿಲ್ಲ. ಇದಕ್ಕೆ ನಮ್ಮಲ್ಲಿ ಫೇಡಿಂಗ್ ಎನ್ನುತ್ತೇವೆ. ಏನೂ ಉಳಿಯದ ಜಾಗಕ್ಕೆ ನಮ್ಮ ಆಫೀಸಿನಲ್ಲಿ ಹಳ್ಳ ಎನ್ನುತ್ತಿದ್ದೆವು. ಹಳ್ಳಕ್ಕೂ ಒಳ್ಳೆಯ ಜಾಗಕ್ಕೂ ನಡುವೆ ಒಂದು ಗೇಣಿನ ಅಂತರ ಇದ್ದರೆ ಹೆಚ್ಚು.

ಈ ಕೆಲಸದಲ್ಲಿ ಒಂದು ಪದ್ಧತಿಯಿದೆ. ಸಿಗ್ನಲ್ ಅಳೆಯುವ ಮೀಟರಿನ ಅಂಕೆ ತೀರಾ ಕೆಳಗೆ ಬಿದ್ದರೆ ಆಂಟೆನಾವನ್ನು ಒಂದು ಗೇಣು ಆಚೆ ಸರಿಸಿ ಮತ್ತೆ ಓದುವುದು, ಆ ಎರಡನೆಯ ಅಂಕೆಯನ್ನೇ ಬರೆದುಕೊಳ್ಳುವುದು. ನನ್ನ ಮೊದಲ ನೌಕರಿಯಲ್ಲಿ, ಬಿಟಿಎಂ ಲೇಔಟಿನ ಅಡ್ಡರಸ್ತೆಗಳಲ್ಲಿ ಮೊಬೈಲ್ ಸಿಗ್ನಲ್ ಅಳೆಯುತ್ತ ಅಲೆಯುವಾಗ, ಸೀನಿಯರ್ ಒಬ್ಬರು ಇದನ್ನು ಹೇಳಿಕೊಟ್ಟರು. ಇದರಲ್ಲಿ ಮೋಸವಿರಲಿಲ್ಲ. ಫೋನ್ ಹಿಡಿದವನು ನಡೆಯುತ್ತಾನೆ, ಬೈಕಿನಲ್ಲಿ ಹೋಗುತ್ತಾನೆ, ಕೂತಲ್ಲೇ ಕಿವಿ ಬದಲಿಸುತ್ತಾನೆ. ಹಳ್ಳಕ್ಕೆ ಬಿದ್ದರೂ ಮುಂದಿನ ಹೆಜ್ಜೆಗೆ ಹೊರಗೆ ಬಂದಿರುತ್ತಾನೆ. ಒಂದು ಹಳ್ಳವನ್ನು ಹಿಡಿದುಕೊಂಡು ಇಡೀ ರಸ್ತೆಯೇ ಕೆಟ್ಟದು ಎಂದು ಬರೆದರೆ ಅದೇ ತಪ್ಪು. ಸರಾಸರಿ ಚೆನ್ನಾಗಿದ್ದರೆ ಸಾಕು.

ನನ್ನ ಎಂ.ಟೆಕ್ ಪ್ರಬಂಧ ಕೂಡ ಇದನ್ನೇ ಲೆಕ್ಕ ಹಾಕಿತ್ತು: ಫೇಡಿಂಗ್ ಇರುವ ಕಡೆ ಕಳಿಸಿದ ಮಾತಿನಲ್ಲಿ ಎಷ್ಟು ತಲುಪುತ್ತದೆ, ಎಷ್ಟು ಹಾಳಾಗುತ್ತದೆ. ನೂರಿಪ್ಪತ್ತು ಪುಟ, ಅಂದವಾದ ಗ್ರಾಫುಗಳು. ಮೂರನೇ ಅಧ್ಯಾಯದ ಆರಂಭದಲ್ಲಿ ಒಂದು ಸಾಲು ಇತ್ತು, ಬಳಕೆದಾರ ಚಲಿಸುತ್ತಿರುತ್ತಾನೆ ಎಂದು ಭಾವಿಸೋಣ ಎಂದು. ಪರೀಕ್ಷಕರಲ್ಲಿ ಒಬ್ಬರೂ ಆ ಸಾಲಿನ ಮೇಲೆ ಬೆರಳಿಡಲಿಲ್ಲ. ನಾನಂತೂ ಅದನ್ನು ಬರೆದು ಮರೆತೇಬಿಟ್ಟಿದ್ದೆ.

ಈಗಿನ ಕಂಪನಿ ಜೆ.ಪಿ. ನಗರದಲ್ಲಿ ಒಂದು ಮನೆಯ ಮೊದಲ ಮಹಡಿಯಲ್ಲಿದೆ. ಹನ್ನೆರಡು ಜನ, ಒಬ್ಬರು ಬಾಸ್. ಆಸ್ಪತ್ರೆಗಳಿಗೆ ವೈರ್ ಇಲ್ಲದ ಕಾಲಿಂಗ್ ಬೆಲ್ ಮಾಡುತ್ತೇವೆ. ರೋಗಿಯ ಕೈಯಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಬಟನ್, ಕಾರಿಡಾರಿನಲ್ಲಿ ನರ್ಸುಗಳ ಮೇಜಿನ ಮೇಲೆ ಒಂದು ಬೋರ್ಡು. ಇಲ್ಲಿ ಒತ್ತಿದರೆ ಅಲ್ಲಿ ಬೆಡ್ ನಂಬರಿನ ಲೈಟ್ ಹತ್ತಿ ಬೆಲ್ ಹೊಡೆಯುತ್ತದೆ. ಹಳೆಯ ಕಟ್ಟಡಗಳಲ್ಲಿ ಗೋಡೆ ಒಡೆದು ವೈರ್ ಎಳೆಯುವ ಗೋಜಿಲ್ಲ ಎಂದು ಚಿಕ್ಕ ನರ್ಸಿಂಗ್ ಹೋಮ್‌ಗಳಿಗೆ ಇದು ಇಷ್ಟ.

ಬೆಲ್ ಹಾಕುವ ಮುಂಚೆ ಜಯನಗರದ ಆ ನರ್ಸಿಂಗ್ ಹೋಮಿನಲ್ಲಿ ಸಿಗ್ನಲ್ ಅಳೆದು ಸರ್ವೆ ಮಾಡಿದ್ದು ನಾನೇ. ಇಪ್ಪತ್ತೆರಡು ಬೆಡ್ಡು, ಒಂದು ಬೆಳಗ್ಗೆ. ಏಳನೇ ಬೆಡ್ಡಿನಲ್ಲಿ ರೋಗಿಯ ಕೈ ಬರುವ ಜಾಗದಲ್ಲಿ ಮೀಟರ್ ಪಾತಾಳಕ್ಕೆ ಇಳಿಯಿತು. ಆಚೆ ಗೋಡೆಗೆ ಲಿಫ್ಟು, ಈಚೆ ಗೋಡೆಗೆ ಕಬ್ಬಿಣದ ಬೀರು, ಆಶ್ಚರ್ಯವೇನಿರಲಿಲ್ಲ. ಕಿಟಕಿಯ ಕಡೆಗೆ ಒಂದು ಗೇಣು ಸರಿಸಿದೆ, ಮೀಟರ್ ಜಿಗಿದು ನಿಂತಿತು. ಬರೆದುಕೊಂಡೆ. ಎಂಟನೇ ಬೆಡ್ಡಿಗೆ ಹೋದೆ. ಒಂದು ಗಂಟೆಗೆಲ್ಲ ಮುಗಿಸಿ ಎದುರಿನ ದರ್ಶಿನಿಯಲ್ಲಿ ನಿಂತು ಬಿಸಿಬೇಳೆಬಾತ್ ತಿಂದೆ, ಚೆನ್ನಾಗಿತ್ತು ಅನ್ನುವುದೂ ನೆನಪಿದೆ.

ನಾಲ್ಕು ತಿಂಗಳ ಮೇಲೆ ಏಳನೇ ಬೆಡ್ಡಿನ ಬಟನ್ ಆಫೀಸಿಗೆ ವಾಪಸ್ ಬಂತು. ಜೊತೆಗೆ ಒಂದು ಚೀಟಿ: ರೋಗಿ ತೀರಿಕೊಂಡಿದ್ದಾರೆ, ಬೆಲ್ ಹೊಡೆದಿಲ್ಲ, ಬಟನ್ ಸರಿಯಿದೆಯೇ ನೋಡಿ ತಿಳಿಸಿ. ಒತ್ತಿ ನೋಡಿದೆ, ನನ್ನ ಮೇಜಿನ ಬೋರ್ಡು ಕಿರುಚಿಕೊಂಡಿತು. ಬಟನ್ನಿಗೆ ಏನೂ ಆಗಿರಲಿಲ್ಲ. ಆಮೇಲೆ ಅದರ ಮೆಮೊರಿ ತೆಗೆದು ಓದಿದೆ. ಒತ್ತಿದ ಪ್ರತಿ ಸಲವೂ ಅದರೊಳಗೆ ಸಮಯ ದಾಖಲಾಗುತ್ತದೆ, ಬೋರ್ಡಿನಿಂದ ಉತ್ತರ ಬಂತೋ ಇಲ್ಲವೋ ಎಂಬುದೂ. ಆ ಮಧ್ಯಾಹ್ನ ಆರು ನಿಮಿಷದಲ್ಲಿ ಹನ್ನೊಂದು ಸಲ ಒತ್ತಲಾಗಿತ್ತು. ಒಂದಕ್ಕೂ ಉತ್ತರ ಬಂದಿರಲಿಲ್ಲ. ಒಂದು ಸಲ ಒತ್ತಿದರೆ ಬಟನ್ ತಾನಾಗಿ ಮೂರು ಸಲ ಸಿಗ್ನಲ್ ಕಳಿಸುತ್ತದೆ, ಅದು ನಾನೇ ಸೇರಿಸಿದ ಜಾಣತನ. ಅಲ್ಲಾಡದ ಕೈಯಿಂದ ಮೂರು ಸಲ ಕಳಿಸಿದರೆ ಮೂರೂ ಅದೇ ಹಳ್ಳಕ್ಕೆ ಬೀಳುತ್ತವೆ ಎಂದು ನನಗೆ ಹೊಳೆದಿರಲಿಲ್ಲ.

ಬಾಸ್‌ಗೆ ತೋರಿಸಿದೆ. ಅವರು ಕೆಟ್ಟವರಲ್ಲ, ಮುಖ ಸಣ್ಣದು ಮಾಡಿಕೊಂಡು ಎರಡೆರಡು ಸಲ ಓದಿದರು. ಆಮೇಲೆ, "ಬಟನ್ ಕೆಟ್ಟಿಲ್ಲ ಅಲ್ವಾ? ಅವರು ಕೇಳಿರೋದು ಅಷ್ಟೇ. ಅಷ್ಟಕ್ಕೇ ಉತ್ತರ ಬರೀರಿ" ಎಂದರು. ಬಟನ್ನಿನಲ್ಲಿ ದೋಷ ಕಂಡುಬಂದಿಲ್ಲ ಎಂದು ಬರೆದು ಸಹಿ ಹಾಕಿದೆ. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ಮನಸ್ಸು ತಡೆಯದೆ ಮರುದಿನ ಆ ಬಟನ್ ತೆಗೆದುಕೊಂಡು ನರ್ಸಿಂಗ್ ಹೋಮಿಗೆ ಹೋದೆ. ಏಳನೇ ಬೆಡ್ ಖಾಲಿಯಿತ್ತು. ಅಲ್ಲಿನ ಹಿರಿಯ ಸಿಸ್ಟರ್‌ಗೆ ಬೋರ್ಡ್ ನೋಡುತ್ತಿರಿ ಎಂದು ಹೇಳಿ, ಚಪ್ಪಲಿ ಬಿಟ್ಟು ಆ ಬೆಡ್ಡಿನ ಮೇಲೆ ಮಲಗಿದೆ. ಹೊದಿಕೆಯ ಕೆಳಗೆ ಬಲಗೈಯಲ್ಲಿ ಬಟನ್ ಹಿಡಿದು ಒತ್ತಿದೆ. ಕಾರಿಡಾರಿನಿಂದ ಸದ್ದಿಲ್ಲ. ಮತ್ತೆ ಒತ್ತಿದೆ, ಮತ್ತೆ. ಕೈಯನ್ನು ಒಂದು ಗೇಣು ಕಿಟಕಿಯ ಕಡೆಗೆ ಚಾಚಿ ಒತ್ತಿದೆ. ಬೆಲ್ ಹೊಡೆಯಿತು.

ಸಿಸ್ಟರ್ ಒಳಗೆ ಬಂದು ನನ್ನನ್ನು ನೋಡಿದರು. ನಾನು ಮಲಗಿಯೇ ಇದ್ದೆ. ಆ ಹೆಂಗಸಿನ ವಿಷಯ ನನಗೆ ಗೊತ್ತಾದದ್ದು ಆಗ, ಅವರ ಬಾಯಿಂದ. ಪುಟ್ಟೇನಹಳ್ಳಿಯವರಂತೆ, ಊರಿನ ಹಳೆಯ ಮನೆತನ. ಹೊಲವೆಲ್ಲ ಸೈಟುಗಳಾದ ಮೇಲೆ ಮೂರು ಮಹಡಿ ಕಟ್ಟಿ ಬಾಡಿಗೆಗೆ ಕೊಟ್ಟಿದ್ದರು. ಬಾಡಿಗೆಯವರು ಆಕೆಯ ಗಂಟಲಿಗೆ ಹೆದರುತ್ತಿದ್ದರಂತೆ. ಬೀದಿಯಲ್ಲಿ ನಿಂತು ಕೂಗಿದರೆ ಮೂರನೇ ಮಹಡಿಯಲ್ಲಿ ನಲ್ಲಿ ನಿಲ್ಲುತ್ತಿತ್ತು. ಲಕ್ವ ಹೊಡೆದು ಮಾತು ಹೋಯಿತು, ಎಡಭಾಗ ಬಿದ್ದುಹೋಯಿತು, ಬಲಗೈ ಬೆರಳುಗಳಷ್ಟೇ ಆಡುತ್ತಿದ್ದವು. ಆ ದಿನ ಬೆಳಗ್ಗೆ ಮನೆಗೆ ಕರೆದುಕೊಂಡು ಹೋಗು ಎಂದು ಗಂಡನಿಗೆ ಸನ್ನೆ ಮಾಡಿದ್ದರು. ಡಾಕ್ಟರ್ ಹೇಳುವ ತನಕ ಆಗಲ್ಲ ಎಂದು ಅವರು ಗದರಿದರು. ಆಕೆ ಮುಖವನ್ನು ಗೋಡೆಗೆ ತಿರುಗಿಸಿಕೊಂಡರು. ಮಧ್ಯಾಹ್ನ ತಿಂದದ್ದು ಉಸಿರಿಗೆ ಸಿಕ್ಕಿಕೊಂಡಿತು. ಮೂರು ಗಂಟೆಗೆ ಮಾತ್ರೆ ಕೊಡಲು ಹೋದಾಗ ಉಸಿರಿರಲಿಲ್ಲ.

"ಅವ್ರ ಯಜಮಾನ್ರು ವಾರಕ್ಕೊಂದ್ಸಲ ಬರ್ತಾರೆ ಮೇಡಂ" ಎಂದರು ಸಿಸ್ಟರ್. "ಅವಳು ಯಾಕೆ ಒತ್ಲಿಲ್ಲ, ನನ್ ಮೇಲಿನ ಕೋಪಕ್ಕೇ ತಾನೇ ಅಂತ ಕೇಳ್ತಾರೆ. ನಾನೇನ್ ಹೇಳ್ಲಿ?"

ನಾನು ಅವರಿಗೆ ಹನ್ನೊಂದು ಸಲದ ವಿಷಯ ಹೇಳಲಿಲ್ಲ. ಹೇಡಿತನ, ಬೇರೆ ಹೆಸರಿಲ್ಲ ಅದಕ್ಕೆ. ಆಫೀಸಿಗೆ ಬಂದು ಬಾಸ್ ಜೊತೆ ಜಗಳ ಕಾದೆ. ಪ್ರತಿ ವಾರ್ಡಿಗೂ ಬೋರ್ಡಿನಿಂದ ದೂರದಲ್ಲಿ ಸಿಗ್ನಲ್ ಹಿಡಿಯುವ ಎರಡನೆಯ ರಿಸೀವರ್ ಇಡಲೇಬೇಕು, ಒಂದಕ್ಕೆ ಹಳ್ಳವಾದ ಜಾಗ ಇನ್ನೊಂದಕ್ಕೂ ಹಳ್ಳವಾಗುವುದು ಅಪರೂಪ ಎಂದು ವಾದಿಸಿದೆ. ಇದು ಯಾವ ಪಠ್ಯಪುಸ್ತಕ ತೆರೆದರೂ ಸಿಗುವ ಮಾತು, ನನಗೆ ಬಾಯಿಪಾಠವಾಗಿದ್ದ ಮಾತು. ಅವರು ಒಪ್ಪಿದರು, ಎಲ್ಲ ಕಡೆ ಹಾಕಿಸಿದರು, ಅದಕ್ಕೆ ಅಪ್‌ಗ್ರೇಡ್ ಎಂದು ಹೆಸರಿಟ್ಟರು. ನರ್ಸಿಂಗ್ ಹೋಮಿನವರು ಸಂತೋಷಪಟ್ಟು ಥ್ಯಾಂಕ್ಸ್ ಎಂದು ಮೆಸೇಜ್ ಕಳಿಸಿದರು. ಅದನ್ನು ಓದಿದ ದಿನ ನಾನು ಊಟ ಮಾಡಲಿಲ್ಲ.

ಎರಡು ತಿಂಗಳಾದ ಮೇಲೆ ಒಂದು ಭಾನುವಾರ ಬೆಳಗ್ಗೆ ಸಿಸ್ಟರ್ ಹತ್ತಿರ ವಿಳಾಸ ತೆಗೆದುಕೊಂಡು ಪುಟ್ಟೇನಹಳ್ಳಿಗೆ ಹೋದೆ. ಕೆರೆಗೆ ಎರಡು ಬೀದಿ ಈಚೆ ಮನೆ. ಅವರು ಕೆಳಗಿನ ಮನೆಯ ಜಗಲಿಯ ಮೇಲೆ ಪಂಚೆ ಉಟ್ಟು ಕೂತಿದ್ದರು, ಎಪ್ಪತ್ತರ ಆಸುಪಾಸಿನ ಗಟ್ಟಿ ಆಳು. ಬಾಡಿಗೆ ಮನೆ ನೋಡಲು ಬಂದವಳು ಎಂದುಕೊಂಡು, ಎರಡನೇ ಮಹಡಿ ಖಾಲಿಯಿದೆ, ವೆಜ್ ಆದರೂ ನಾನ್‌ವೆಜ್ ಆದರೂ ಅಭ್ಯಂತರವಿಲ್ಲ ಎಂದರು. ಅಲ್ಲ, ಆಸ್ಪತ್ರೆಯ ಬೆಲ್ ಮಾಡಿದ ಕಂಪನಿಯವಳು ಎಂದೆ. ಕೂರಿ ಎಂದು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಟ್ಟರು.

ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ, ಅಲೆ, ಲಿಫ್ಟು, ಬೀರು ಎಲ್ಲ. ಅವರ ಮುಖ ನೋಡಿದ ಮೇಲೆ ಎಲ್ಲ ಮರೆತುಹೋಯಿತು. ನಿಮ್ಮ ಮನೆಯವರು ಬೆಲ್ ಒತ್ತಿದ್ದರು, ಅದು ನರ್ಸುಗಳ ಮೇಜಿನವರೆಗೆ ತಲುಪಲಿಲ್ಲ, ಆ ಜಾಗ ಸರಿಯಿಲ್ಲ ಎಂದು ನಾನು ಮೊದಲೇ ನೋಡಿದ್ದೆ, ನೋಡಿಯೂ ಸರಿಯಿದೆ ಎಂದು ಬರೆದೆ ಎಂದು ಹೇಳಿಬಿಟ್ಟೆ. ಅಷ್ಟರಲ್ಲಿ ಮೇಲಿನ ಟ್ಯಾಂಕ್ ತುಂಬಿ ನೀರು ಮೆಟ್ಟಿಲ ಮೇಲೆ ಸುರಿಯತೊಡಗಿತು. ಮಹಡಿಯಿಂದ ಯಾರೋ ಹುಡುಗಿ "ಅಂಕಲ್, ಮೋಟರ್ ಆಫ್ ಮಾಡಿ" ಎಂದು ಕೂಗಿದಳು. ಅವರು ಏಳಲಿಲ್ಲ.

"ಒತ್ತಿದ್ಲಾ?" ಎಂದರು.

"ಒತ್ತಿದ್ರು ಸಾರ್. ಹನ್ನೊಂದ್ಸಲ."

ಅವರು ತೊಡೆಯ ಮೇಲಿನ ಕೈಯನ್ನು ನೋಡುತ್ತ ಕೂತರು. ನೀರು ಅಂಗಳದ ತನಕ ಬಂತು. ಬೈಯಲಿ, ಎದ್ದು ಒಂದು ಏಟು ಹಾಕಲಿ, ನಡಿ ಆಚೆ ಎನ್ನಲಿ ಎಂದು ಕಾಯುತ್ತಿದ್ದೆ. ಅದಕ್ಕೆಲ್ಲ ತಯಾರಾಗಿಯೇ ಹೋಗಿದ್ದೆ.

"ನಾನು ಅಲ್ಲೇ ಇದ್ದೆ ಕಣಮ್ಮ" ಎಂದರು. "ರೂಮಿನ್ ಆಚೆ, ಬೆಂಚಿನ್ ಮೇಲೆ. ಎದುರುಗಡೇನೇ ಆ ಲೈಟ್ ಬೋರ್ಡು. ಬೆಳಗ್ಗೆ ಮುಖ ತಿರುಗ್ಸ್ಕೊಂಡಿದ್ಲಲ್ಲ, ಈ ಸಲ ಅವ್ಳೇ ಕರೀಲಿ, ಏಳನೇ ಲೈಟ್ ಹತ್ತಿದ್ ತಕ್ಷಣ ಒಳಗ್ ಹೋಗ್ಬಿಡ್ತೀನಿ ಅಂತ ಅದನ್ನೇ ನೋಡ್ಕೊಂಡ್ ಕೂತಿದ್ದೆ."

ಆ ಬೆಂಚು ನನಗೆ ಗೊತ್ತಿತ್ತು. ಸರ್ವೆಯ ದಿನ ಅದರ ಮೇಲೇ ಮೀಟರಿನ ಚೀಲ ಇಟ್ಟಿದ್ದೆ. ಬೆಡ್ಡಿಗೂ ಅದಕ್ಕೂ ನಡುವೆ ಒಂದು ಗೋಡೆ, ಒಂದು ಮುಚ್ಚಿದ ಬಾಗಿಲು. ಮಾತಿಲ್ಲದ ಹೆಂಗಸಿನ ಒದ್ದಾಟ ಆ ಬಾಗಿಲಿನಾಚೆಗೆ ಕೇಳಿಸುವ ಹಾಗಿರಲಿಲ್ಲ.

"ಇಷ್ಟ್ ದಿನ ಅವಳ ಮೇಲೆ ಕೋಪ ಇಟ್ಕೊಂಡು ಹೆಂಗೋ ಇದ್ದೆ" ಎಂದರು. "ಸಾಯೋವಾಗ್ಲೂ ಹಠ ಬಿಡ್ಲಿಲ್ವಲ್ಲ ಅಂತ ದಿನಾ ಬೈತಿದ್ದೆ. ಈಗ ಯಾರ್ ಮೇಲೆ ಇಟ್ಕೊಳ್ಲಿ?"

"ನನ್ ಮೇಲೆ ಇಟ್ಕೊಳ್ಳಿ ಸಾರ್" ಎಂದೆ. ಅಳು ಬಂದಿತ್ತು, ತಡೆಯಲಿಲ್ಲ.

ಅವರು ಮೊದಲ ಸಲ ನನ್ನನ್ನು ಸರಿಯಾಗಿ ನೋಡಿದರು. ಆ ನೋಟದಲ್ಲಿ ಸಿಟ್ಟು ಹುಡುಕಿದೆ, ಇರಲಿಲ್ಲ.

"ನಿಮ್ಮನ್ನ ನಾನ್ ನೋಡಿದ್ದೇ ಇವತ್ತು" ಎಂದು ಹೇಳಿ, ಮಂಡಿಗೆ ಕೈಯೂರಿ ಎದ್ದು ಒಳಗೆ ಹೋದರು. ಮೋಟರ್ ನಿಂತಿತು. ನಾನು ಕುರ್ಚಿಯ ಮೇಲೆ ಇನ್ನೂ ಸ್ವಲ್ಪ ಹೊತ್ತು ಕೂತಿದ್ದೆ. ಅವರು ಹೊರಗೆ ಬರಲಿಲ್ಲ.