ಚೌಡಿ ಕೇಳಿದ ಮಾತ್ರೆ

ಮಕ್ಕಳೇ, ನೀವು ಮೊಬೈಲಿನಲ್ಲಿ ನೋಡುವ ದೆವ್ವದ ಕತೆಗಳನ್ನು ನಿಮ್ಮ ಹಿಂದೆ ಕೂತು ನಾನೂ ನೋಡಿದ್ದೇನೆ. ಅದರಲ್ಲಿ ಕುಂಟುವವಳು ದೆವ್ವ, ಬೆರಳು ಸೊಟ್ಟಗಿದ್ದವಳು ದೆವ್ವ, ನೆಲಕ್ಕೆ ಬಿದ್ದು ಒದ್ದಾಡುವವಳಂತೂ ದೊಡ್ಡ ದೆವ್ವ. ಸಂಧಿವಾತದಿಂದ ನನ್ನ ಬೆರಳುಗಳೆಲ್ಲ ಸೊಟ್ಟ. ನನ್ನ ನಾದಿನಿಗೆ, ಅಂದರೆ ನಿಮ್ಮ ಅಜ್ಜನ ತಂಗಿಗೆ, ಚಿಕ್ಕಂದಿನಿಂದ ಮೂರ್ಛೆರೋಗ. ಹಾಗೆ ನೋಡಿದರೆ ನಮ್ಮ ಮನೆಗೆ ದೆವ್ವಗಳ ಕೊರತೆಯೇ ಇಲ್ಲ.

ನಿಮ್ಮ ಅಜ್ಜ ತೀರಿಕೊಂಡ ಮಾರನೇ ವರ್ಷದ ಮಾತು. ಸಿರ್ಸಿಯ ಡಾಕ್ಟರು ಕೊಟ್ಟ ಮಾತ್ರೆಯಿಂದ ನಾದಿನಿ ಬಹಳ ಕಾಲ ಆರಾಮಾಗಿದ್ದಳು. ಒಮ್ಮೆ ಕಾನಸೂರಿನ ನೆಂಟರ ಮನೆಯ ಪೂಜೆಯಲ್ಲಿ, ಮಂಗಳಾರತಿಯ ಹೊತ್ತಿಗೇ ಸರಿಯಾಗಿ ಬಿದ್ದಳು. ಅಡುಗೆಮನೆಯಲ್ಲಿ ಬಿದ್ದರೆ ಅದು ರೋಗ. ಜಾಗಟೆ ಬಾರಿಸುವಾಗ ಬಿದ್ದದ್ದರಿಂದ ಮೈಮೇಲೆ ಬಂದಂತಾಯಿತು. ಯಾರೋ ಕೈಗೆ ಬೀಗದ ಕೈಗಳ ಗೊಂಚಲು ತುರುಕಿದರು, ಇನ್ನಾರೋ ಬಾಯಿಗೆ ಚಮಚ ತುರುಕಿ ತುಟಿ ಒಡೆದರು. ಎಚ್ಚರವಾದಾಗ ಅವಳು "ನೀರು" ಎಂದು ತೊದಲಿದಳು. ಇದು ನಮ್ಮ ಬಾವಿಕಟ್ಟೆ ಕಾಯುವ ದೇವತೆ ಚೌಡಿಯೇ ಎಂದು ಅಲ್ಲಿಯೇ ತೀರ್ಮಾನವಾಯಿತು.

ಮನೆಗೆ ಹಿರಿಯರಾದ ಚಿಕ್ಕತ್ತೆ, ನನ್ನ ಮಾವನ ತಮ್ಮನ ಹೆಂಡತಿ, ದೆವ್ವ-ದೈವಗಳ ಕಾಟ ಕಂಡುಹಿಡಿದು ನೋಟ ಹೇಳುವವನ ಹತ್ತಿರ ಹೋಗಿ ಬಂದರು. ಇಂಗ್ಲಿಷ್ ಮಾತ್ರೆ ಚೌಡಿಗೆ ಆಗುವುದಿಲ್ಲವೆಂದು ಅವನು ಹೇಳಿದನಂತೆ. ಮರುದಿನ ಬೆಳಿಗ್ಗೆ ಮಾತ್ರೆಗಳು ಬಚ್ಚಲೊಲೆ ಸೇರಿದವು.

"ಚಿಕ್ಕತ್ತೆ, ಒಮ್ಮೆಲೇ ಬಿಟ್ರೆ ಜೀವಕ್ಕೇ ಅಪಾಯ ಅಂದಿದ್ರು ಡಾಕ್ಟ್ರು" ಎಂದೆ.

"ಡಾಕ್ಟ್ರಿಗೆ ಚೌಡಿ ಗೊತ್ತಿದ್ದಾ? ಹೊಸ್ತು ತಂದ್ರೆ ಅದ್ನೂ ಒಲಿಗೇ ಹಾಕ್ತಿ. ಸಂಜಿಗೆ ನೋಟದವ ಬತ್ತ. ಚೌಡಿ ಹತ್ರೇ ಕೇಳನ" ಎಂದು ಚಿಕ್ಕತ್ತೆ ಗದರಿದರು.

ಹಿತ್ತಿಲಲ್ಲಿ ಪಾತ್ರೆ ತಿಕ್ಕುತ್ತಿದ್ದ ನಾದಿನಿಯ ಪಕ್ಕ ಕೂತು ಕಣ್ಣೀರು ಹಾಕಿದೆ. ಅವಳು ಬೂದಿ ಕೈ ತೊಳೆದುಕೊಂಡಳು.

"ಅತ್ಗೆ, ಅಳದು ಆಮೇಲೆ. ಚೌಡಿ ಹತ್ರ ಕೇಳ್ತ್ವಡ. ಚೌಡಿ ಅಂದ್ರೆ ಆನೇ ಅಲ್ದಾ?" ಎಂದು ತನ್ನ ಎದೆ ಮುಟ್ಟಿ ತೋರಿಸಿದಳು.

"ಥೂ, ಹಾಂಗೆಲ್ಲ ಹೇಳಡ. ಪಾಪ ಬತ್ತು!"

"ಮಾತ್ರೆ ತಪ್ಪಿದ್ರೆ ಫಿಟ್ಸ್ ಬತ್ತು. ಪಾಪ ನಿಧಾನ ಬತ್ತು."

ಸಂಜೆ ನೋಟದವನು ಬಂದ. ಹೆಲ್ಮೆಟ್ ತೆಗೆದಿಟ್ಟು, ಮಣೆಯ ಮೇಲೆ ಕೂತು, ಮೊದಲು ತನ್ನ ಜೇಬಿನಿಂದ ಬಿ.ಪಿ. ಮಾತ್ರೆ ತೆಗೆದು ನುಂಗಿದ. ಅವನ ದೇವರಿಗೆ ಇಂಗ್ಲಿಷ್ ಮಾತ್ರೆ ಆಗುತ್ತಿತ್ತೇನೋ. ಆಮೇಲೆ ಧೂಪ ಹಾಕಿದ. ನಾದಿನಿ ಕೂದಲು ಬಿಚ್ಚಿ ತೂಗತೊಡಗಿದಳು. ನಿಜವಾದ ಫಿಟ್ಸಿಗೂ ಅದಕ್ಕೂ ಏನೇನೂ ಹೋಲಿಕೆಯಿರಲಿಲ್ಲ. ನೋಡುವವರಿಗೆ ಮಾತ್ರ ಅದೇ ಹೆಚ್ಚು ನಿಜವೆನಿಸಿತು.

ಮೈಮೇಲೆ ಬಂದದ್ದನ್ನು ಮನೆಯವರೇ ಮಾತಾಡಿಸಬೇಕು. ಚಿಕ್ಕತ್ತೆ ಕಂಬದ ಹಿಂದೆ ಸರಿದರು. ನಾಲ್ಕು ಜನರೆದುರು ಎಂದೂ ಬಾಯಿ ತೆರೆಯದ ನಾನು ಎದ್ದೆ.

"ಯಾರು ನೀನು?"

"ಚೌಡಿ!"

ಎಲ್ಲ ಗೊತ್ತಿದ್ದ ನನಗೇ ಬೆನ್ನು ಜುಮ್ಮೆಂದಿತು.

"ಎಂತ ಬೇಕು ತಾಯೇ?"

"ನನ್ನ ಮಾತ್ರೆ ಸುಟ್ಟವರು ಯಾರು?" ನಮ್ಮ ಚೌಡಿ ಪುಸ್ತಕದ ಕನ್ನಡ ಮಾತಾಡುತ್ತಿದ್ದಳು.

ಚಿಕ್ಕತ್ತೆ ಕಂಬ ಹಿಡಿದುಕೊಂಡರು. "ತಪ್ಪಾತು!"

"ಬೆಳಿಗ್ಗೆ ಒಂದು, ರಾತ್ರಿ ಒಂದು. ಊಟವಾದ ಮೇಲೆ."

ನೋಟದವನಿಗೆ ಅನುಮಾನ ಬಂತು. "ಯಾವ ಚೌಡಿ ಊಟ ಆದ್ಮೇಲೆ ಅಂತು?"

"ನಿನ್ನ ಜೇಬಿನದು ಊಟಕ್ಕೆ ಮೊದಲೋ?"

ಅವಳು ಕೂದಲ ಸಂದಿಯಿಂದ ನೋಡಿದ್ದಳೆಂದು ಅವನಿಗೇನು ಗೊತ್ತು! ಎರಡೂ ಕೈ ಮುಗಿದ.

ನನಗೆ ಧೈರ್ಯ ಬಂತು. "ನೀ ಬಂದಾಗ ಯಂಗ ಎಂತ ಮಾಡವು?"

"ಕೈಗೆ ಕಬ್ಬಿಣ ಕೊಡಬೇಡಿ. ಬಾಯಿಗೆ ಏನೂ ತುರುಕಬೇಡಿ. ಮಗ್ಗುಲಿಗೆ ಹೊರಳಿಸಿ ಸುಮ್ಮನೆ ಕೂರಿ. ಬೇಗ ನಿಲ್ಲದಿದ್ದರೆ ಸಿರ್ಸಿ ಆಸ್ಪತ್ರೆಗೆ ಒಯ್ಯಿರಿ."

ಇದೇ ಮಾತನ್ನು ಡಾಕ್ಟರು ಎಷ್ಟು ಸಲ ಹೇಳಿದ್ದರೋ. ಪಾಪ, ಅವರಿಗೆ ಕೂದಲು ಬಿಚ್ಚಿ ಹೇಳಬೇಕೆಂದು ತಿಳಿದಿರಲಿಲ್ಲ.

ನೋಟದವನೇ ಬೈಕು ಹತ್ತಿ ಸಿದ್ದಾಪುರದಿಂದ ಮಾತ್ರೆ ತಂದುಕೊಟ್ಟ. ರಾತ್ರಿಯ ಮಾತ್ರೆ ತಪ್ಪಲಿಲ್ಲ.

ಮುಂದೆ ಇಡಗುಂದಿಯ ಮದುವೆಮನೆಯಲ್ಲಿ ನಾದಿನಿಗೆ ನಿಜವಾಗಿಯೂ ಫಿಟ್ಸ್ ಬಂತು. ಚಿಕ್ಕತ್ತೆ ಎಲ್ಲರನ್ನೂ ದೂರ ಸರಿಸಿ, ಅವಳನ್ನು ಮಗ್ಗುಲಿಗೆ ಹೊರಳಿಸಿ, ಕೈಮುಗಿದು ಕೂತರು. ಊದುಬತ್ತಿಯನ್ನೂ ಹಚ್ಚಿದ್ದರು, ಅದೊಂದು ವೈದ್ಯಶಾಸ್ತ್ರದಲ್ಲಿಲ್ಲ. ಅವಳ ಮೈಗೆ ಒಂದು ಗೀರೂ ಆಗಲಿಲ್ಲ. ಕಣ್ಣು ಬಿಟ್ಟೊಡನೆ ಚಿಕ್ಕತ್ತೆ ಅವಳ ಕಿವಿಗೆ ಬಾಗಿದರು.

"ತಾಯೇ, ಯನ್ನ ಮಂಡಿ ನೋವಿಗೆ ಯಾವ ಮಾತ್ರೆ?"

"ಡಾಕ್ಟ್ರ ಹತ್ರ ಕೇಳು, ಚಿಕ್ಕಿ" ಎಂದಳು ನಾದಿನಿ, ಸುಸ್ತಾಗಿ.

ಚಿಕ್ಕತ್ತೆ ನನ್ನ ಕಡೆ ತಿರುಗಿ ಪಿಸುಗುಟ್ಟಿದರು: "ಚೌಡಿ ಹೇಳಿದ್ಮೇಲೆ ಹೋಗದೇಯ. ಸಿರ್ಸಿ ಬಸ್ಸು ಎಷ್ಟು ಹೊತ್ತಿಗೇ?"