ಮೇಲಿನ ಖಾನೆ, ಕೆಳಗಿನ ಖಾನೆ

ಎಂಬತ್ತರ ದಶಕದಲ್ಲಿ ನಾನು ನವಲಗುಂದದ ಒಂದು ಸಣ್ಣ ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದೆ. ಹೈಸ್ಕೂಲು ಮುಗಿಸಿದವನೆಂಬ ಜಂಬವಿತ್ತು. ನಮಗೆ ಬರುತ್ತಿದ್ದದ್ದು ಹ್ಯಾಂಡ್‌ಬಿಲ್ಲು, ಜಾಹೀರಾತು. ಪುಸ್ತಕ ಅಪರೂಪ. ಹಾಗೆ ಬಂದದ್ದು ಯಮನೂರು ಕಡೆಯ ಒಬ್ಬ ಮಾಸ್ತರರ ಕಿರುಪುಸ್ತಕ.

ಏಳು ವರ್ಷ, ಪ್ರತಿ ಸೋಮವಾರ, ಅವರು ಊರಿನ ಎರಡು ಬಾವಿಗಳಿಗೆ ಗಂಟು ಹಾಕಿದ ಹಗ್ಗ ಇಳಿಬಿಟ್ಟು ನೀರಿನ ಆಳ ಬರೆದಿಟ್ಟಿದ್ದರು. ಊರೊಳಗಿನದು ಬೇಸಿಗೆಗೆ ಬತ್ತುವ ಬಾವಿ. ಹೊಲದ ಕಡೆಯದು ಬತ್ತದ ಬಾವಿ. ಎರಡಕ್ಕೂ ನೀರಿನ ಏರಿಳಿತ ತೋರಿಸುವ ಒಂದೊಂದು ಗೆರೆನಕ್ಷೆ ಎಳೆದಿದ್ದರು. ಮೊಳೆಯಲ್ಲಿ ಅಂಥ ಗೆರೆ ಬರುವುದಿಲ್ಲ. ಹುಬ್ಬಳ್ಳಿಯಲ್ಲಿ ಆ ಗೆರೆ ಕೊರೆದ ಸತುವಿನ ಅಚ್ಚು, ಅಂದರೆ ಬ್ಲಾಕ್, ಮಾಡಿಸಿ, ಪುಟದಲ್ಲಿ ಬಿಟ್ಟ ಖಾಲಿ ಜಾಗದಲ್ಲಿ ಕೂಡಿಸಬೇಕು. ಮಾಸ್ತರರು ಪುಟಗಳ ಕರಡು ತಿದ್ದಿಕೊಟ್ಟಾಗ ಬ್ಲಾಕು ಇನ್ನೂ ಬಂದಿರಲಿಲ್ಲ.

ಬ್ಲಾಕು ಬಂದ ಕೂಡಲೇ ಅದರ ಹಿಂದಿನ ಕಟ್ಟಿಗೆಯ ಮೇಲೆ ಪುಸ್ತಕದ ಹೆಸರು, ಪುಟದ ಅಂಕಿ ಬರೆಯಬೇಕು. ನಾನು ಬರೆಯಲಿಲ್ಲ. ಒಂದನ್ನು ಕಪಾಟಿನ ಮೇಲಿನ ಖಾನೆಯಲ್ಲಿ, ಇನ್ನೊಂದನ್ನು ಕೆಳಗಿನದರಲ್ಲಿಟ್ಟು, ಪುಟದ ಖಾಲಿ ಜಾಗಗಳಲ್ಲಿ ‘ಮೇಲಿನ ಖಾನೆ’, ‘ಕೆಳಗಿನ ಖಾನೆ’ ಎಂದು ಚೀಟಿ ಇಟ್ಟೆ. ನನಗೆ ಅಷ್ಟು ಸಾಕಿತ್ತು.

ಅಷ್ಟರಲ್ಲಿ ನಮ್ಮ ಯಂತ್ರ ಕೆಟ್ಟಿತು. ಮಾಲಕರ ಮಾತಿನಂತೆ, ಮೊಳೆ ಜೋಡಿಸಿ ದಾರ ಕಟ್ಟಿದ ಪುಟಗಳನ್ನೂ ಬ್ಲಾಕುಗಳನ್ನೂ ನಾನೇ ಪೆಟ್ಟಿಗೆಗೆ ತುಂಬಿ ಹುಬ್ಬಳ್ಳಿಯ ಬೇರೆ ಮುದ್ರಣಾಲಯಕ್ಕೆ ಬಸ್ಸಿನಲ್ಲಿ ಕಳಿಸಿದೆ. ಚೀಟಿ ಬದಲಿಸಲಿಲ್ಲ. ನಮ್ಮ ಕಪಾಟು ಅಲ್ಲಿಯವರಿಗೇನು ಗೊತ್ತು? ಪೆಟ್ಟಿಗೆಯಲ್ಲಿ ಮೇಲೆ ಸಿಕ್ಕಿದ್ದನ್ನೇ ಮೇಲಿನದೆಂದು ಕೂಡಿಸಿದರು. ನಕ್ಷೆಯೊಳಗೆ ತಿಂಗಳು, ಅಡಿ ಅಷ್ಟೇ ಇದ್ದವು. ಬಾವಿಯ ಹೆಸರು ಕೆಳಗೆ ಮೊಳೆಯಲ್ಲಿತ್ತು. ಎರಡೂ ಅದಲುಬದಲಾದವು.

ಪುಸ್ತಕ ಹಂಚಿದ ಮೂರನೇ ದಿನ ಮಾಸ್ತರರು ಬಂದರು.

“ಊರ ಮಂದಿ ನಗಾಕತ್ತಾರಪಾ. ‘ಮಾಸ್ತರ, ನಿಮ್ಮ ಪುಸ್ತಕದಾಗ ಒಣಬಾವಿ ತುಂಬೇತಲ್ರಿ, ಕೊಡಾ ತರೂಣೇನ್ರಿ?’ ಅಂತಾರ. ನಾನೇ ಹೆಸರು ಹಿಂದಮುಂದ ಬರದಿದ್ನೇನೋ?”

ಮಾಲಕರು ಎದುರಿಗೇ ಕೂತಿದ್ದರು.

“ಹೌದ್ರಿ ಸರ,” ಎಂದೆ. “ನೀವು ಬರದಂಗ ಹಚ್ಚೇವ್ರಿ.”

“ಆ ಕಾಗದ ಅದಾವೇನು? ಒಮ್ಮೆ ನೋಡ್ತೇನಿ.”

“ಹರದು ಒಗದೇವ್ರಿ.”

ಕಾಗದ ನನ್ನ ಮೊಣಕಾಲಿಗೆ ತಾಗಿದ ಡ್ರಾವರಿನಲ್ಲಿದ್ದವು. ಅವರು ಹೆಸರುಗಳನ್ನು ಸರಿಯಾಗಿಯೇ ಬರೆದಿದ್ದರು.

“ಹಂಗಾರ ನನ್ನ ಕಣ್ಣೇ ದಗಾ ಮಾಡ್ಯಾವು ಬಿಡು,” ಎಂದು ಮಾಸ್ತರರು ಎದ್ದರು. ಮುಂದಿನ ಸೋಮವಾರದಿಂದ ಬಾವಿಯ ಹತ್ತಿರ ಹೋಗಲಿಲ್ಲವೆಂದು ಕೇಳಿದೆ. ಎರಡು ಸಾಲಿನ ತಿದ್ದುಪಡಿ ಚೀಟಿ ಜೋಡಿಸಲು ನನಗೆ ಅರ್ಧ ತಾಸು ಹಿಡಿಯುತ್ತಿರಲಿಲ್ಲ. ಜೋಡಿಸಲಿಲ್ಲ.

ಎರಡು ವರ್ಷದ ಮೇಲೆ ಮಗಳ ಲಗ್ನಪತ್ರಿಕೆಗೆಂದು ಮತ್ತೆ ನಮ್ಮಲ್ಲಿಗೇ ಬಂದರು. ಕರಡನ್ನು ಮೂರು ಸಲ ಓದಿದರು. ಆಮೇಲೂ ನಂಬಿಕೆ ಬರಲಿಲ್ಲವೇನೋ, ಹಾಳೆಯನ್ನು ನನ್ನ ಕಡೆ ಸರಿಸಿದರು.

“ನೀನೇ ಒಂದ್ಸಲ ನೋಡಪಾ. ನಿನ್ನ ಕಣ್ಣು ಚಲೋ ಅದಾವು.”

ನೋಡಿ ಕೊಟ್ಟೆ. ಆಗಲೂ ಹೇಳಲಿಲ್ಲ.