ಜಾತಕದ ಜೊತೆಗೊಂದು ಜೆರಾಕ್ಸ್

ಕಳೆದ ಭಾನುವಾರ ಸಿದ್ಧಾರ್ಥನಗರದ ನಮ್ಮಣ್ಣ ಒಬ್ಬ ಪೊಲೀಸ್ ಪೇದೆಯನ್ನು ಸೋಫಾದಲ್ಲಿ ಕೂರಿಸಿ, ಫ್ಯಾನ್ ಹಾಕಿ, ಕೇಸರಿಬಾತ್ ತಿನ್ನಿಸಿದ. ಪೊಲೀಸರ ಮೇಲೆ ಅವನಿಗೆ ದಿಢೀರನೆ ಪ್ರೀತಿ ಉಕ್ಕಿತು ಎಂದುಕೊಳ್ಳಬೇಡಿ. ಬಂದವನು ಮಫ್ತಿಯಲ್ಲಿದ್ದ. ನಮ್ಮಣ್ಣ ಗಂಡಿನ ಕಡೆಯವರು ಎಂದುಕೊಂಡ!

"ರೂಪಾ ಅನ್ನೋರು ಇದೇ ಮನೆಯವ್ರಾ ಸಾರ್?" ಎಂದು ಆತ ಗೇಟಿನಲ್ಲಿ ಕೇಳಿದ್ದೇ ಸಾಕಾಯಿತು. ರೂಪಾ ಅಣ್ಣನ ಮಗಳು, ಕಾಲೇಜಿನಲ್ಲಿ ಲೆಕ್ಚರರ್. ಅವಳಿಗೆ ಗಂಡು ಹುಡುಕುವುದೇ ರಿಟೈರ್ ಆದ ನಮ್ಮಣ್ಣನ ಫುಲ್‌ಟೈಮ್ ಉದ್ಯೋಗ. "ಬನ್ನಿ ಸ್ವಾಮಿ, ಒಳಗ್ ಬನ್ನಿ. ಒಬ್ರೇ ಬಂದ್ಬುಟ್ರಾ? ಮನೆಯವ್ರನ್ನೂ ಕರ್ಕೊಂಡು ಬರೋದಲ್ವಾ?" ಎಂದ.

ಆತ ತಿಂದು, ಕೈ ತೊಳೆದು, ಆಮೇಲೆ ವಿಷಯ ಹೇಳಿದ. "ನಿಮ್ಮ ಮಗಳ ಮೊಬೈಲಿಂದ ಒಬ್ರು ಹೆಣ್ಮಗಳಿಗೆ ಬೆದರಿಕೆ ಫೋನ್ ಹೋಗ್ತಿದೆ ಸಾರ್. ನಾಳೆ ಸ್ಟೇಷನ್ನಿಗೆ ಕರ್ಕೊಂಡು ಬನ್ನಿ."

(ಕೇಸರಿಬಾತ್ ಚೆನ್ನಾಗಿತ್ತು ಎಂದೂ ಹೇಳಿದನಂತೆ. ಪಾಪ, ಸಜ್ಜನ.)

ತಮಾಷೆಯೆಂದರೆ, ರೂಪಾ ಹತ್ತಿರ ಮೊಬೈಲೇ ಇಲ್ಲ, ಮನೆಯ ಲ್ಯಾಂಡ್‌ಲೈನೇ ಸಾಕು ಎನ್ನುವವಳು. ಆದರೆ ಅವಳಿಗೆ ಇದು ತಮಾಷೆಯಾಗಿರಲಿಲ್ಲ. ಸಂಜೆ ಗೋಕುಲಂನ ನಮ್ಮ ಮನೆಗೆ ಓಡಿ ಬಂದಳು. "ಅತ್ತೆ, ನಾನಿನ್ನೂ ಟೆಂಪರರಿ. ಪೊಲೀಸ್ ಕೇಸು ಅಂತ ಕಾಲೇಜಲ್ಲಿ ಗೊತ್ತಾದ್ರೆ ಮುಂದಿನ ವರ್ಷ ಕರೀತಾರಾ?" ಎಂದು ಅತ್ತಳು. ಯಾವನೋ ಮಾಡಿದ ಕೊಳಕು ಕೆಲಸಕ್ಕೆ ಇವಳ ಕೆಲಸ ಹೋಗಬೇಕೇ?

ಮಾರನೇ ದಿನ ನಾನೂ ಜೊತೆಗೆ ಹೋದೆ. ಸಬ್ ಇನ್ಸ್‌ಪೆಕ್ಟರ್ ಸಿಮ್ ಕಾರ್ಡಿನ ಅರ್ಜಿಯನ್ನು ಮೇಜಿನ ಮೇಲಿಟ್ಟರು. ಅದರ ಮೇಲೆ ರೂಪಾಳ ಫೋಟೋ. ರೇಷ್ಮೆ ಸೀರೆ, ಮುಡಿ ತುಂಬ ಮಲ್ಲಿಗೆ. (ಸಿಮ್ ಕೊಳ್ಳಲು ಯಾರು ಹೀಗೆ ಸಿಂಗರಿಸಿಕೊಂಡು ಹೋಗುತ್ತಾರೆ?) ಕೆಳಗೆ ಅವಳ ವೋಟರ್ ಕಾರ್ಡಿನ ಜೆರಾಕ್ಸ್.

"ದಾಖಲೆ ಎಲ್ಲ ನಿಮ್ದೇ. ನೀವಲ್ಲ ಅಂತ ನಾನು ಹೆಂಗ್ ನಂಬ್ಲಿ?" ಎಂದರು.

ಅಣ್ಣ ಬಗ್ಗಿ ನೋಡಿದ. ನನ್ನ ಕಡೆ ತಿರುಗಿ, "ಇದು ನಾನು ಜಾತಕದ ಜೊತೆ ಕೊಡೋ ಫೋಟೋ ಕಣೇ" ಎಂದ.

"ವೋಟರ್ ಕಾರ್ಡೂ ಕೊಟ್ಯಾ ಅಣ್ಣಾ?"

"ಹೂಂ ಮತ್ತೆ! ಹೆಣ್ಣಿನ ಕಡೆಯವ್ರು ವಯಸ್ಸು ಕಮ್ಮಿ ಹೇಳ್ತಾರೆ ಅಂತ ಎಲ್ರಿಗೂ ಅನುಮಾನ. ನಾವು ಅಂಥವ್ರಲ್ಲ ಅಂತ ಗೊತ್ತಾಗ್ಲಿ ಅಂತ ಎಲ್ರಿಗೂ ಒಂದೊಂದು ಕೊಟ್ಬುಟ್ಟೆ."

ಎಲ್ಲರಿಗೂ ಎಂದರೆ ಯಾರ್‍ಯಾರಿಗೆ? ಬನ್ನಿಮಂಟಪದ ಮದುವೆ ಬ್ರೋಕರಿಗೆ. ಮಠದ ವಧೂವರರ ಸಮಾವೇಶದಲ್ಲಿ ಕೈಚಾಚಿದವರಿಗೆ. ಮದುವೆ ಮನೆಯಲ್ಲಿ ಪಕ್ಕದ ಎಲೆಗೆ ಕೂತವರಿಗೆ. ಹುಟ್ಟಿದ ದಿನ, ಗಳಿಗೆ, ಊರು, ಅಮ್ಮನ ತವರು, ಸಂಬಳ, ವಿಳಾಸ, ಯಾವುದು ಬಿಟ್ಟಿದ್ದಾನೆ? ನೀವು ನೀವೇನಾ ಎಂದು ಫೋನಿನಲ್ಲಿ ಖಾತ್ರಿ ಮಾಡಿಕೊಳ್ಳಲು ಬ್ಯಾಂಕಿನವರು ಕೇಳುವುದೂ ಇವನ್ನೇ ತಾನೆ?

ಈ ಮಹಾಶಯ ಮನೆಗೆ ಬೀಗ ಹಾಕಿ, ಎಳೆದು ನೋಡಿ, ಗೇಟಿನವರೆಗೆ ಹೋಗಿ, ವಾಪಸ್ ಬಂದು ಮತ್ತೆ ಎಳೆಯುವವನು. ದೇವಸ್ಥಾನದಲ್ಲಿ ಒಂದು ಚಪ್ಪಲಿ ಈ ಮೂಲೆಯಲ್ಲಿ, ಇನ್ನೊಂದು ಆ ಮೂಲೆಯಲ್ಲಿ ಬಿಡುವವನು. ಚಪ್ಪಲಿಗಿದ್ದ ಕಾವಲು ಮಗಳ ಹೆಸರಿಗಿಲ್ಲ.

ಸಬ್ ಇನ್ಸ್‌ಪೆಕ್ಟರ್ ಕರೆಸಿ ಗದರಿಸಿದ ಮೇಲೆ ಬ್ರೋಕರ್ ಬಾಯಿ ಬಿಟ್ಟ. ಹಳೇ ಜಾತಕಗಳನ್ನು ಫೋಟೋ, ಜೆರಾಕ್ಸ್ ಸಮೇತ ಕಟ್ಟುಗಟ್ಟಲೆ ಮೊಬೈಲ್ ಅಂಗಡಿಯವನಿಗೆ ಮಾರಿದ್ದನಂತೆ. ದಾಖಲೆ ಇಲ್ಲದ ಗಿರಾಕಿ ಬಂದರೆ ಅಂಗಡಿಯವನು ಕಟ್ಟಿನಿಂದ ಒಂದು ಹೆಸರು ಎಳೆದು ಅಂಟಿಸುವುದು. ರೆಡಿಮೇಡ್ ಷರಟಿದ್ದ ಹಾಗೆ, ರೆಡಿಮೇಡ್ ರೂಪಾ.

ಸದ್ಯ, ರೂಪಾ ಮೊದಲಿನಿಂದಲೂ ಕನ್ನಡದಲ್ಲೇ ಸಹಿ ಹಾಕುವವಳು. ಅರ್ಜಿಯಲ್ಲಿದ್ದದ್ದು ಇಂಗ್ಲಿಷ್ ಸಹಿ. ಅಷ್ಟರಿಂದ ಬಚಾವಾದಳು. ಪೊಲೀಸರು ಅವಳ ಹೇಳಿಕೆ ಬರೆಸಿಕೊಂಡು, ಕಾಲೇಜಿಗೆ ಸುದ್ದಿ ಹೋಗುವುದಿಲ್ಲ ಎಂದು ಭರವಸೆ ಕೊಟ್ಟರು.

"ಇನ್ಮೇಲೆ ಜೆರಾಕ್ಸ್ ಕೊಟ್ರೆ ಅಡ್ಡಗೆರೆ ಎಳೆದು, ಯಾವ ಕೆಲಸಕ್ಕೆ ಅಂತ ಬರೆದು, ಸೈನ್ ಮಾಡಿ, ತಾರೀಕು ಹಾಕಿ ಯಜಮಾನ್ರೇ" ಎಂದರು ಸಬ್ ಇನ್ಸ್‌ಪೆಕ್ಟರ್.

"ಮದುವೆ ವಿಚಾರದಲ್ಲಿ ಅಡ್ಡಗೆರೆ ಎಳೆಯೋದು ಅಪಶಕುನ ಅಲ್ವಾ ಸಾರ್?" ಎಂದ ಅಣ್ಣ.

ನಗಬೇಡಿ. ದಸರಾ ವಸ್ತುಪ್ರದರ್ಶನದ ಸ್ಟಾಲಿನಲ್ಲಿ, ಮಿಕ್ಸಿ ಬಂದರೂ ಬರಬಹುದು ಎಂಬ ಆಸೆಗೆ ಫೋನ್ ನಂಬರು, ಡೇಟ್ ಆಫ್ ಬರ್ತ್ ಸಮೇತ ಚೀಟಿ ಬರೆದು ಡಬ್ಬಕ್ಕೆ ಹಾಕಿ ಬಂದವರು ಯಾರು? ನೀವೇ ಅಲ್ಲವೇ? ಮಿಕ್ಸಿ ಬಂತಾ?

ಹೊರಡುವ ಹೊತ್ತಿಗೆ ಅಣ್ಣ ಬಾಗಿಲಿನಿಂದ ಹಿಂದಕ್ಕೆ ಹೋದ. ಕೈಚೀಲದಿಂದ ಒಂದು ಕವರ್ ತೆಗೆದು ಸಬ್ ಇನ್ಸ್‌ಪೆಕ್ಟರ್ ಕೈಗೇ ಕೊಟ್ಟ. "ನಿಮ್ಮ ಡಿಪಾರ್ಟ್‌ಮೆಂಟಲ್ಲಿ ಒಳ್ಳೇ ಹುಡುಗ ಯಾರಾದ್ರೂ ಇದ್ರೆ ನೋಡಿ ಸಾರ್. ಎಲ್ಲ ಇದರಲ್ಲೇ ಇದೆ."

ರೂಪಾ ಎಲ್ಲರೆದುರೇ ಆ ಕವರನ್ನು ಕಿತ್ತುಕೊಂಡಳು. "ನನ್ ಹೆಸರು ನನಗೇ ಇರ್ಲಿ ಬಿಡಪ್ಪ" ಎಂದಳು.

ಆಟೋದಲ್ಲಿ ದಾರಿಯುದ್ದಕ್ಕೂ ಅಣ್ಣನದು ಒಂದೇ ಗೊಣಗಾಟ: "ಈಗಿನ ಹುಡುಗೀರಿಗೆ ಅಪ್ಪ ಅಂದ್ರೆ ಮರ್ಯಾದೇನೇ ಇಲ್ಲ ಕಣೇ."

ಕಂಡವರಿಗೆ ಅವಳ ಹೆಸರು ಮಾರಿದವನನ್ನು ಕಳ್ಳ ಎನ್ನೋಣ, ಸರಿ. ಅವಳನ್ನು ಒಂದು ಮಾತೂ ಕೇಳದೆ ಅದನ್ನು ಊರಿಗೆಲ್ಲ ಪುಕ್ಕಟೆ ಹಂಚಿದವನನ್ನು ಏನೆನ್ನೋಣ?